ಅಂಗಡಿಯವನ ತಲೆಗೊಂದು ಬಕೆಟ್

ಒಂದಿಡೀ ಊರಿನ ಮೇಲೆ ಅಣುಬಾಂಬು ಸಿಡಿಸಿದ ಪಾಪ ತೊಳೆಯಲು ಎಷ್ಟು ನೀರು ಬೇಕು? 20 ಬಾಟಲಿ ಸಾಕು. 2008ರಲ್ಲಿ ಬಂದ ‘ಫಾಲ್‌ಔಟ್ 3’ ಎಂಬ ವಿಡಿಯೊ ಆಟದ ಲೆಕ್ಕವಿದು. ಪಾಳುಬಿದ್ದ ವಾಷಿಂಗ್ಟನ್ ಸೀಮೆಯಲ್ಲಿ ಮೆಗಟನ್ ಎಂಬ ಊರು, ಊರ ನಡುವೆ ಸಿಡಿಯದೆ ಬಿದ್ದಿರುವ ಬಾಂಬು. ಅದನ್ನು ಸಿಡಿಸಿದರೆ ಕರ್ಮದ ಖಾತೆಯಿಂದ 1000 ಅಂಕ ಖೋತಾ. ಭಿಕ್ಷುಕನಿಗೆ ಒಂದು ಬಾಟಲಿ ಶುದ್ಧ ನೀರು ಕೊಟ್ಟರೆ 50 ಜಮಾ. ನೋಡೇಬಿಡೋಣ ಅಂತ ಸಿಡಿಸಿದೆ. ಆಮೇಲೆ ರಿವೆಟ್ ಸಿಟಿಯ ಹೊರಗೆ ಬಾಯಾರಿ ಕೂತಿದ್ದವನಿಗೆ ಬಾಟಲಿ ಮೇಲೆ ಬಾಟಲಿ ಕುಡಿಸಿದೆ. ಆ ಪುಣ್ಯಾತ್ಮ ಒಮ್ಮೆಯೂ ‘ಸಾಕು’ ಅನ್ನಲಿಲ್ಲ. ಇಷ್ಟು ಉದಾರಿಯಾದ ಚಿತ್ರಗುಪ್ತ, ಯಾರೂ ಇಲ್ಲದ ಕೋಣೆಯಲ್ಲಿ ಇನ್ನೊಬ್ಬರ ಖಾಲಿ ಡಬ್ಬಿ ಎತ್ತಿಕೊಂಡರೆ ಮಾತ್ರ ತಪ್ಪದೆ 5 ಅಂಕ ಕಳೆಯುತ್ತಾನೆ!

‘ರೆಡ್ ಡೆಡ್ ರಿಡೆಂಪ್ಷನ್ 2’ರಲ್ಲಿ ಇನ್ನೂ ಸುಲಭ. 1899ರ ಅಮೆರಿಕ; ಬೆಳಿಗ್ಗೆ ರೈಲು ದರೋಡೆ ಮಾಡಿ, ಸಂಜೆ ಕುದುರೆ ಮೇಲಿಂದ ಎದುರಾದವರಿಗೆಲ್ಲ ನಮಸ್ಕಾರ ಹೊಡೆಯುತ್ತ ಹೋದರೆ ಮಾನ ಏರುತ್ತದೆ. ಪೂರಾ ಏರಿದರೆ ಅಂಗಡಿಗಳಲ್ಲಿ ಅರ್ಧ ಬೆಲೆ. ನಮ್ಮ ಅಪಾರ್ಟ್‌ಮೆಂಟಿನಲ್ಲೂ ಒಬ್ಬರು ಹೀಗೇ ಬಾಳುತ್ತಿದ್ದಾರೆ. ನನ್ನ ಜಾಗದಲ್ಲಿ ತಮ್ಮ ಕಾರು ನಿಲ್ಲಿಸಿ ಬಂದು ಲಿಫ್ಟಿನಲ್ಲಿ ‘ಚೆನ್ನಾಗಿದ್ದೀರಾ ಸಾರ್’ ಅನ್ನುತ್ತಾರೆ. ಅಧ್ಯಕ್ಷರ ಚುನಾವಣೆಯಲ್ಲಿ ಅವರೇ ಗೆದ್ದರು.

ನನ್ನ ಮನಸ್ಸು ನಿಂತದ್ದು 2011ರ ‘ಸ್ಕೈರಿಮ್’ನಲ್ಲಿ. ಅಲ್ಲಿ ಪಾಪವೆಂಬುದೇ ಇಲ್ಲ, ಸಾಕ್ಷಿ ಮಾತ್ರ. ಕೊಲೆ ಕಂಡವರಿದ್ದರೆ ತಲೆಗೆ 1000 ಚಿನ್ನದ ದಂಡ. ಕಂಡವರಲ್ಲಿ ಕೊನೆಯವನನ್ನೂ ಮುಗಿಸಿದರೆ ದಂಡ ಮನ್ನಾ ಅಂತ ಪರದೆ ಮೇಲೇ ಬರುತ್ತದೆ. ಒಂಬತ್ತು ಸೀಮೆ, ಒಂಬತ್ತು ಖಾತೆ. ಇಲ್ಲಿಯ ಕೊಲೆಗಡುಕ ಗಡಿ ದಾಟಿದ ಕೂಡಲೇ ಸದ್ಗೃಹಸ್ಥ. ರಿವರ್‌ವುಡ್‌ನಲ್ಲಿ ಕೋಳಿಗೆ ಹೊಡೆದರೆ ಮಾತ್ರ ಊರಿಗೆ ಊರೇ ಕತ್ತಿ ಹಿರಿದು ಬರುತ್ತದೆ. ಆ ಕೋಳಿಯ ಸುದ್ದಿ ಬೇಡ, ಓಡಿದ್ದು ನನಗೆ ಗೊತ್ತು.

ಸಾಕ್ಷಿಯೇ ಎಲ್ಲವಾದ ಮೇಲೆ ಸಾಕ್ಷಿಯ ಕಣ್ಣು ಮುಚ್ಚಿದರಾಯಿತಲ್ಲ? ಇದನ್ನು ಕಂಡುಹಿಡಿದ ಮಹಾನುಭಾವ ಯಾರೋ. ಆಟ ಬಂದ ಹೊಸದರಲ್ಲೇ ಲೋಕವೆಲ್ಲ ಹಬ್ಬಿತು. ಅದೇ ರಿವರ್‌ವುಡ್‌ನಲ್ಲಿ ಲೂಕನ್ ವಲೇರಿಯಸ್‌ನ ಅಂಗಡಿ. ಬಕೆಟ್ಟೊಂದನ್ನು ಗಾಳಿಯಲ್ಲೇ ತೇಲಿಸಿಕೊಂಡು ಹೋದೆ. ಅವನು ಗಲ್ಲಾದ ಹಿಂದೆ ನಿಂತು ನೋಡುತ್ತಲೇ ಇದ್ದ. ಮೆಲ್ಲಗೆ ತಲೆ ಮೇಲೆ ಇಳಿಸಿದೆ. ಜಾರಿ ಭುಜಕ್ಕೆ ಬಿತ್ತು. ಮತ್ತೆ ಎತ್ತಿದೆ. ಮೂಗಿಗೆ ಸಿಕ್ಕಿಕೊಂಡಿತು. ಇಷ್ಟಕ್ಕೂ ಅವನಿಗೆ ಬೇಸರವಿಲ್ಲ. ಕಣ್ಣೆದುರು ಬಕೆಟ್ ಕುಣಿಸುವುದು ಸ್ಕೈರಿಮ್‌ನಲ್ಲಿ ಅಪರಾಧವಲ್ಲ. ಒಳಗಿನಿಂದ ಹೆಂಡತಿ, “ರೀ, ಚಪಾತಿ ಆರಿಹೋಗ್ತಿದೆ” ಅಂದಳು. “ಬಕೆಟ್ ಕೂರ್ತಿಲ್ಲ ಕಣೇ” ಅಂದೆ. ಕೈ ಒರೆಸಿಕೊಳ್ಳುತ್ತ ಬಂದು ನಿಂತು ನೋಡಿದಳು. ಬೈಯುತ್ತಾಳೆ ಅಂದುಕೊಂಡರೆ, “ನೇರ ಇಳಿಸಬೇಡಿ, ಸ್ವಲ್ಪ ವಾಲಿಸಿ” ಅಂದಳು. ವಾಲಿಸಿದೆ. ಕೂತಿತು! ಕುತ್ತಿಗೆವರೆಗೆ ಇಳಿದು, ಅವನ ತಲೆಗೇ ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಮಾತಾಡಿಸಿದೆ. ಬಕೆಟ್ಟಿನೊಳಗಿಂದಲೇ ವ್ಯಾಪಾರಕ್ಕೆ ಸಿದ್ಧನಾದ. “ಸರಿ, ಅಲ್ಲಿ ಕೂತಿರೋ ಹೆಣ್ಣುಮಗಳಿಗೆ?” ಅಂದಳು ಇವಳು. ಅವನ ತಂಗಿ ಕಮಿಲ್ಲಾಳನ್ನು ನಾನು ಮರೆತೇ ಬಿಟ್ಟಿದ್ದೆ. ಮೂಲೆಯಲ್ಲೊಂದು ಬುಟ್ಟಿ ಸಿಕ್ಕಿತು. ಅಣ್ಣನಿಗೆ ಬಕೆಟ್, ತಂಗಿಗೆ ಬುಟ್ಟಿ. ಬಗ್ಗಿ ಕೂತರೆ ಪರದೆಯ ನಡುವಿನ ಕಣ್ಣು ಮುಚ್ಚಿತು, ಅಂದರೆ ಯಾರೂ ನೋಡುತ್ತಿಲ್ಲ. ಅವನ ಕಳೆದುಹೋಗಿದ್ದ ಬಂಗಾರದ ಉಗುರನ್ನು ಗುಹೆಗೆ ನುಗ್ಗಿ, ಹೆಣಗಳ ಜೊತೆ ಹೊಡೆದಾಡಿ ತಂದುಕೊಟ್ಟವನೇ ನಾನು. ಅದನ್ನೇ ಮೊದಲು ಎತ್ತಿಕೊಂಡೆ. ಬ್ರೆಡ್ಡು, ಚೀಸು, ಉಪ್ಪು, ಕೊನೆಗೆ ಪೊರಕೆ. “ಪೊರಕೆ ಯಾಕ್ರೀ?” ಅಂದಳು. ಉತ್ತರವಿರಲಿಲ್ಲ. ಕದ್ದ ಮಾಲನ್ನು ಕಳ್ಳಮಾಲು ಕೊಳ್ಳುವವರ ಹೊರತು ಯಾರೂ ಮುಟ್ಟುವುದಿಲ್ಲ ಅಂತಲೂ ಆಮೇಲೆ ನೆನಪಾಯಿತು. ಚಪಾತಿ ರೊಟ್ಟಿಯಾಗಿತ್ತು.

ಈ ಹುಮ್ಮಸ್ಸಿನಲ್ಲೇ ರಿಚರ್ಡ್ ಗ್ಯಾರಿಯಟ್ 1985ರಲ್ಲಿ ಮಾಡಿದ ‘ಅಲ್ಟಿಮಾ 4’ ತೆಗೆದೆ. ಈಗ ಪುಕ್ಕಟೆ ಸಿಗುತ್ತದೆ. ಕಡೆಗೆ ಕೊಲ್ಲಲು ರಾಕ್ಷಸನೇ ಇಲ್ಲದ ಆಟ. ಎಂಟು ಸದ್ಗುಣ ಗಳಿಸಬೇಕು, ಅಷ್ಟೇ. ಅಲ್ಲಿ ಮಂತ್ರಕ್ಕೆ ಬೇಕಾದ ಬೆಳ್ಳುಳ್ಳಿ, ಜಿನ್ಸೆಂಗ್ ಮಾರುವ ಹೆಂಗಸಿದ್ದಾಳೆ. ಕುರುಡಿ. ಬೆಲೆ ಹೇಳಿ ಸುಮ್ಮನಾಗುತ್ತಾಳೆ, ಎಷ್ಟು ಕೊಡುವುದೆಂದು ನಾವೇ ಒತ್ತಬೇಕು. ಬಕೆಟ್ಟಿನ ಶ್ರಮವೂ ಇಲ್ಲವಲ್ಲ ಅಂತ ಒಂದೇ ನಾಣ್ಯ ಕೊಟ್ಟೆ. ತೆಗೆದುಕೊಂಡಳು. ಕಾವಲುಗಾರ ಬರಲಿಲ್ಲ, ಅಂಕ ಇಳಿದದ್ದು ಕಾಣಲಿಲ್ಲ, ಒಂದು ಸದ್ದೂ ಇಲ್ಲ. ಒಳಗೆಲ್ಲೋ ಪ್ರಾಮಾಣಿಕತೆಯ ಲೆಕ್ಕ ಇಳಿದಿರುತ್ತದೆ, ನಮಗೆ ತೋರಿಸುವುದಿಲ್ಲ. ಹೆಂಡತಿ ಪಕ್ಕದಲ್ಲೇ ಇದ್ದಳು. ಈ ಸಲ ಉಪಾಯ ಹೇಳಲಿಲ್ಲ. “ಪೂರ್ತಿ ಕೊಟ್ಬಿಡಿ ರೀ” ಅಂದು ಎದ್ದು ಹೋದಳು.

ಅಂದಿನಿಂದ ಪೂರ್ತಿಯೇ ಕೊಡುತ್ತಿದ್ದೇನೆ. ನನ್ನ ಗುಣ ಎಲ್ಲಿಗೆ ಬಂದಿದೆಯೆಂದು ತಿಳಿಯಬೇಕಾದರೆ ಅರಮನೆಯಲ್ಲಿ ಹಾಕ್‌ವಿಂಡ್ ಎಂಬ ಕಣಿಯವನಿದ್ದಾನೆ, ಕೇಳಿದರೆ ಹೇಳುತ್ತಾನೆ. ಅರಮನೆಗೆ ಹೋಗುವುದಿದ್ದರೂ ಅವನಿರುವ ಕೋಣೆಯ ಕಡೆ ತಿರುಗದೆ ಬೇರೆ ದಾರಿ ಹಿಡಿಯುತ್ತೇನೆ.