ಬರ್ತೀನಿ ಅಂದಮೇಲೆ

ನಮ್ಮ ಚಿಕ್ಕಪ್ಪ "ಸರಿ, ಬರ್ತೀನಿ" ಅಂತ ಎದ್ದು ಚಪ್ಪಲಿ ಮೆಟ್ಟಿದ ಮೇಲೆಯೇ ಅವರ ಅಸಲಿ ಮಾತು ಶುರುವಾಗೋದು. ಗೇಟಿನ ಚಿಲಕದ ಮೇಲೆ ಕೈ, ಬಾಯಲ್ಲಿ "ಅಂದಹಾಗೆ". ಒಳಗೆ ಬಂದು ಕೂರಲ್ಲ, ಹೊರಗೂ ಹೋಗಲ್ಲ. ಚಿಕ್ಕಮ್ಮ "ಹೊರಡ್ತೀರೋ ಇಲ್ವೋ?" ಅಂತ ಗದರಿದರೇ ಎಲ್ಲರಿಗೂ ಬಿಡುಗಡೆ. ವರ್ಷಗಟ್ಟಲೆ ಅವರನ್ನು ಆಡಿಕೊಂಡ ಪಾಪಕ್ಕೇ ಇರಬೇಕು, ನಾನು ಬರೆದ ಪ್ರೋಗ್ರಾಮು ಥೇಟ್ ಅವರಂತೆಯೇ ಹುಟ್ಟಿತು.

ನಾನು ಈಮ್ಯಾಕ್ಸ್ ಎಡಿಟರ್ ಬಳಸುವ ಹಳೇ ಕಾಲದವನು. ಕೋಡಿನ ಯಾವ ಸಾಲು ಎಷ್ಟು ಒಳಗೆ ಸರಿಯಬೇಕು ಅಂತ ಲೆಕ್ಕ ಹಾಕುವ ಪುಟ್ಟ ಫಂಕ್ಷನ್ ಬರೆದಿದ್ದೆ. ಖಾಲಿ ಸಾಲು ಸಿಕ್ಕರೆ ದಾಟು, ಏನಾದರೂ ಬರೆದಿರುವ ಸಾಲು ಸಿಗುವ ತನಕ ದಾಟುತ್ತಲೇ ಇರು, ಅಪ್ಪಣೆ ಅಷ್ಟೇ. ಫೈಲಿನ ನಡುವೆ ಚಿನ್ನದಂಥ ಕೆಲಸ. ಕೊನೆಗೆ ಹೋಗಿ ಟ್ಯಾಬ್ ಒತ್ತಿದೆ ನೋಡಿ, ಎಡಿಟರ್ ಕಲ್ಲಾಯಿತು. ಕೀಲಿ ಕುಟ್ಟಿದರೂ ಮಿಸುಕಾಟವಿಲ್ಲ.

ಆಗಿದ್ದಿಷ್ಟು. ಕೊನೆಯ ಸಾಲನ್ನು ಮುಗಿಸುವ ನ್ಯೂಲೈನ್ ಆದಮೇಲೆ ಕರ್ಸರ್ ನಿಲ್ಲೋದಕ್ಕೆ ಒಂದು ಜಾಗ ಇರುತ್ತದೆ. ಕಣ್ಣಿಗೆ ಅದು ಖಾಲಿ ಸಾಲು. ಫಂಕ್ಷನ್ನಿಗೂ ಹಾಗೇ ಕಂಡಿತು. "ಖಾಲಿಯಾ? ಮುಂದೆ ಹೋಗು." ಮುಂದೆ ಏನೂ ಇಲ್ಲ, ನಿಂತಲ್ಲೇ ನಿಂತಿತು. ಮತ್ತೆ ನೋಡಿತು: ಖಾಲಿ. ಮತ್ತೆ ಹೋಗು. ಅಜ್ಜಿ ಹೇಳುತ್ತಿದ್ದ ಗುಬ್ಬಿ ಕತೆ ನೆನಪಿದೆಯಲ್ಲ, ಒಂದು ಗುಬ್ಬಿ ಬಂತು, ಒಂದು ಕಾಳು ತಗೊಂಡು ಹೋಯ್ತು, ಆಮೇಲೆ ಇನ್ನೊಂದು ಗುಬ್ಬಿ ಬಂತು... ಅದೇ. ಕೇಳುತ್ತಿದ್ದ ಮಗುವಿಗಾದರೂ ನಿದ್ದೆ ಬರುತ್ತಿತ್ತು, ಪ್ರೊಸೆಸರಿಗೆ ಅದೂ ಇಲ್ಲ. ಕಂಟ್ರೋಲ್-ಜಿ ಒತ್ತಿದಾಗ ಬಿಟ್ಟಿತು. ಚಿಕ್ಕಮ್ಮನ ಗದರಿಕೆಯ ಕೀಲಿ ಅದು.

ನಾಚಿಕೆಯ ಸಂಗತಿ ಅಂದರೆ, ಮುಂದಿನ ಸಾಲಿಗೆ ಒಯ್ಯುವ 'ಫಾರ್ವರ್ಡ್-ಲೈನ್' ಸುಮ್ಮನಿರಲಿಲ್ಲ. ಹೋಗಲಾಗದೆ ಎಷ್ಟು ಸಾಲು ಬಾಕಿ ಉಳಿಯಿತು ಅಂತ ಪ್ರತಿ ಸಲವೂ ಹೇಳುತ್ತದೆ. "1 ಬಾಕಿ, 1 ಬಾಕಿ" ಅಂತ ಅದು ಬಡಕೊಳ್ಳುತ್ತಿತ್ತು, ನಾನು ಕಿವಿ ಕೊಟ್ಟಿರಲಿಲ್ಲ. ಬಫರ್ ಮುಗಿಯಿತೇ ಅಂತ ಕೇಳುವ 'ಇಒಬಿಪಿ' ಸೇರಿಸಿದೆ, ಗುಬ್ಬಿಗಳು ಹಾರಿಹೋದವು.

ಕೊನೆಯಲ್ಲಿ ಆ ನ್ಯೂಲೈನ್ ಇಲ್ಲದ ಫೈಲುಗಳದ್ದು ಬೇರೆಯೇ ರಗಳೆ. ಪಾಸಿಕ್ಸ್ ಮಾನದಂಡದ ಪ್ರಕಾರ ನ್ಯೂಲೈನ್ ಇದ್ದರೇ ಸಾಲು. ಇಲ್ಲದಿದ್ದರೆ "ಇಂತಿ" ಬರೆಯದ ಕಾಗದದ ಹಾಗೆ, ಅಪೂರ್ಣ. ಒಂದೇ ಸಾಲಿದ್ದು ನ್ಯೂಲೈನ್ ಇಲ್ಲದ ಫೈಲನ್ನು 'ಡಬ್ಲ್ಯುಸಿ -ಎಲ್' ಎಣಿಸಿ 0 ಅನ್ನುತ್ತದೆ. ಎಡಿಟರುಗಳಲ್ಲಿ ವಿಎಸ್ ಕೋಡ್ ನಾವು ಹೇಳದೆ ಕೊನೆಯ ನ್ಯೂಲೈನ್ ಹಾಕುವುದಿಲ್ಲ, ವಿಮ್ ಹೇಳದೆಯೇ ಹಾಕಿಬಿಡುತ್ತದೆ. ಗೆಳೆಯನ ಫೈಲನ್ನು ವಿಮ್‌ನಲ್ಲಿ ತೆರೆದು ಮೇಲೆಲ್ಲೋ ಒಂದು ಕಾಮಾ ತಿದ್ದಿದಿರೋ, ಅವನು ಬರೆದ ಕೊನೆ ಸಾಲಿಗೆ ಗಿಟ್‌ನ ಬ್ಲೇಮ್ ನಿಮ್ಮ ಹೆಸರು ಹಚ್ಚುತ್ತದೆ. ಬಗ್ ಆ ಸಾಲಲ್ಲೇ ಇದ್ದರೆ ಮುಗೀತು ನಿಮ್ಮ ಕತೆ.

ಫೈಲಿನ ಕೊನೆಯಲ್ಲಿ ತಡವರಿಸುವ ತಾಪತ್ರಯ ಪೈಥಾನ್ ಭಾಷೆಗಿಲ್ಲ. ಫೈಲು ಮುಗಿಯುತ್ತಲೇ ಅದರ ಟೋಕನೈಜರ್, ಒಳಗೆ ಸರಿದ ಎಷ್ಟು ಮಟ್ಟ ಬಾಕಿಯಿದೆಯೋ ಅಷ್ಟು 'ಡೀಡೆಂಟ್' ಹಾಕಿ, ಊಟವಾದ ಮೇಲೆ ಚಪ್ಪರ ಬಿಚ್ಚುವವರಂತೆ ಎಲ್ಲ ಇಳಿಸಿಬಿಡುತ್ತದೆ. ಫಜೀತಿ ಎಡಿಟರಿನದು. ಕೊನೆಯಲ್ಲಿ ಎಂಟರ್ ಒತ್ತಿದ್ದೀರಿ. ಮುಂದಿನ ಸಾಲು ಫಂಕ್ಷನ್ನಿನ ಒಳಗೋ ಹೊರಗೋ? ಸಿ ಭಾಷೆಯಾಗಿದ್ದರೆ ಮುಚ್ಚುವ ಬ್ರಾಕೆಟ್ ಹೇಳುತ್ತಿತ್ತು. ಇಲ್ಲಿ ಹೇಳುವವರಿಲ್ಲ. ಮೇಲಿನ ಸಾಲು 'ರಿಟರ್ನ್' ಆಗಿದ್ದರೆ ಈಮ್ಯಾಕ್ಸ್ ಧೈರ್ಯವಾಗಿ ಹೊರಗೆ ಬರುತ್ತದೆ. ಇಲ್ಲವಾದರೆ, ನೀವು ಟ್ಯಾಬ್ ಒತ್ತೊತ್ತಿದಂತೆ ಇಲ್ಲಿಯೋ, ಅಲ್ಲಿಯೋ ಅಂತ ಒಂದೊಂದೇ ಮಟ್ಟ ತೋರಿಸುತ್ತಾ ಹೋಗುತ್ತದೆ.

ಇದನ್ನೆಲ್ಲ ಮೊನ್ನೆ ಚಿಕ್ಕಪ್ಪನಿಗೆ ವಿವರಿಸಿದೆ. ಗೇಟಿನ ಹತ್ತಿರವೇ. ಗಮನವಿಟ್ಟು ಕೇಳಿದರು, ತಲೆದೂಗಿದರು, ಚಿಲಕ ತೆಗೆದರು.

"ಅಂದಹಾಗೆ," ಅಂದರು.