ಪೆಟ್ರೋಲೋ, ಡೀಸೆಲ್ಲೋ?

ಅಮೆರಿಕದ ಭಾವಮೈದ ಹುಲ್ಲು ಕತ್ತರಿಸಿ, ಹಿಮವನ್ನೂ ತಳ್ಳುವ ಪುಟ್ಟ ಟ್ರ್ಯಾಕ್ಟರ್ ಕೊಳ್ಳುತ್ತಾನಂತೆ. ನಮ್ಮ ಜಾವಗಲ್ಲಿನ ತೆಂಗಿನ ತೋಟದಲ್ಲಿ ಮೇಲಿಂದ ಬೀಳುವುದು ಗರಿ, ಕಾಯಿ, ಮನಸ್ಸು ಬಂದರೆ ಮಳೆ. ಪೆಟ್ರೋಲೋ ಡೀಸೆಲ್ಲೋ ಎಂಬ ಜಗಳ ಮಾತ್ರ ಅಲ್ಲೂ ಇಲ್ಲೂ ಒಂದೇ.

ಹೆಗಲಿಗೆ ನೇತುಹಾಕುವ ಟೂ-ಸ್ಟ್ರೋಕ್ ಪೆಟ್ರೋಲ್ ಕಟರ್ ಹಗುರ. ಆದರೆ ಆಯಿಲ್ ಬೆರೆಸಲು ಮರೆತಿರೋ, ಪಿಸ್ಟನ್ ಹಿಡಿದುಕೊಂಡಿತು! ಡೀಸೆಲ್ ಟಿಲ್ಲರ್‌ಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಉಳುಮೆಗೂ ಸೈ, ಟ್ರೈಲರ್ ಎಳೆಯಲೂ ಸೈ. ಹ್ಯಾಂಡಲ್ ತಿರುಗಿಸಿ ಶುರು ಮಾಡಲು ಮಾತ್ರ ವೇಗದ ಬೌಲರ್ ಜಾವಗಲ್ ಶ್ರೀನಾಥರ ಭುಜವೇ ಬೇಕು. ನಮ್ಮದು ಹೆಸರಿಗಷ್ಟೇ ಅದೇ ಊರು.

“ರೀ, ಎರಡು ಕುರಿ ತನ್ನಿ, ಎಣ್ಣೆ ಖರ್ಚೇ ಇರಲ್ಲ” ಅಂದಳು ನನ್ನವಳು. ತರಬಹುದಿತ್ತು. ಕುರಿಗೆ ಹೊಸ ತೆಂಗಿನ ಸಸಿಯೂ ಹುಲ್ಲೇ.