ಕಾಟಿಗೆ ಒಂದು ಮೈನಸ್

ಬಂಡೀಪುರದ ಸಫಾರಿ ಜೀಪು ಕಾಡು ಹೊಕ್ಕ ಸ್ವಲ್ಪ ಹೊತ್ತಿಗೇ ಅದರಲ್ಲಿರುವವರು ಎರಡು ಪಂಗಡವಾಗುತ್ತಾರೆ: ಪ್ರಾಣಿ ನೋಡಲು ಬಂದವರು, ಪ್ರಾಣಿಯ ಫೋಟೊ ತೆಗೆಯಲು ಬಂದವರು. ಎರಡನೆಯ ಪಂಗಡದಲ್ಲಿ ‘ನಮ್ಮದೇನಿದ್ದರೂ ಮ್ಯಾನ್ಯುಯಲ್ ಮೋಡ್’ ಎನ್ನುವ ಹಿರಿತಲೆಗಳದೇ ಬೇರೆ ಗತ್ತು. ಹಾಗೆ ಮೀಸೆ ತಿರುವುತ್ತಲೇ ಅವರು ಆಟೊ ಐಎಸ್‌ಒ ಆನ್ ಮಾಡಿಟ್ಟಿರುತ್ತಾರೆ.

ನಾಚಿಕೊಳ್ಳುವಂಥದ್ದೇನೂ ಇಲ್ಲ. ತೇಗದ ನೆರಳಲ್ಲಿದ್ದ ಸೀಳುನಾಯಿ ಕಣ್ಣು ಮಿಟುಕಿಸುವುದರೊಳಗೆ ಬಿಸಿಲಿಗೆ ಹಾರಿರುತ್ತದೆ. ಶಟರ್ ವೇಗ ಸೆಕೆಂಡಿನ ಸಾವಿರದಲ್ಲೊಂದು ಭಾಗ, ಅಪರ್ಚರ್ ಎಫ್ 5.6 ಎಂದು ಗಟ್ಟಿ ಮಾಡಿಕೊಂಡು, ಬೆಳಕಿನ ಏರಿಳಿತದ ಉಸಾಬರಿಯನ್ನು ಐಎಸ್‌ಒಗೆ ಬಿಡುವುದು ಜಾಣತನವೇ. ಪೇಚಾಟ ಶುರುವಾಗುವುದು ಕಾಟಿ ಬಂದಾಗ.

“ಸಾ, ಬಲಗಡೆ ನೋಡಿ, ಕಾಟಿ ಅದೆ” ಎಂದು ಡ್ರೈವರ್ ಪಿಸುಗುಟ್ಟಿದ್ದೇ ತಡ, ಲೆನ್ಸುಗಳೆಲ್ಲ ಆ ಕಡೆಗೆ. ಲಂಟಾನದ ಪೊದೆಯಿಂದ ಹೊರಬಂದ ಗಂಡು ಕಾಟಿ ಫ್ರೇಮಿನ ತುಂಬ ಕಪ್ಪೋ ಕಪ್ಪು; ಕಾಲಿಗೆ ಮಾತ್ರ ಬಿಳಿ ಸಾಕ್ಸು. ಜಗತ್ತೆಲ್ಲ ನಡುಬೂದು ಬಣ್ಣದ್ದೆಂದು ನಂಬಿರುವ ಮೀಟರು ‘ಅಯ್ಯೋ, ಕತ್ತಲೆ!’ ಎಂದು ಗಾಬರಿಬಿದ್ದು ಐಎಸ್‌ಒವನ್ನು 3200ಕ್ಕೆ ಏರಿಸುತ್ತದೆ. ಫೋಟೊದಲ್ಲಿ ಕಾಟಿ ಬೂದಿಯಲ್ಲಿ ಹೊರಳಿ ಬಂದ ಎಮ್ಮೆಯಂತಾಗುತ್ತದೆ. ಸಾಕ್ಸಿನ ವಿವರ ಬಿಳುಪಿನಲ್ಲಿ ಕರಗಿ, ಮೈತುಂಬ ನಾಯ್ಸ್ ಬೇರೆ.

ಆಗ ಬೇಕಾದದ್ದು ಎಕ್ಸ್‌ಪೋಶರ್ ಕಾಂಪನ್ಸೇಶನ್, ಅಂದರೆ ಪ್ಲಸ್-ಮೈನಸ್ ಗುರುತಿನ ಬಟನ್. ಮೈನಸ್ ಒಂದಕ್ಕೆ ಇಟ್ಟರೆ ಶಟರ್, ಅಪರ್ಚರ್ ಕದಲುವುದಿಲ್ಲ. 3200 ಇದ್ದದ್ದು 1600 ಆಗುತ್ತದೆ. ಕಾಟಿಯ ಕಪ್ಪು ಕಾಟಿಗೇ ವಾಪಸ್. ಬೆಳ್ಳಕ್ಕಿ ಫ್ರೇಮ್ ತುಂಬಿದರೆ ಲೆಕ್ಕ ತಿರುವುಮುರುವು, ಪ್ಲಸ್ ಬೇಕು.

ಈ ಅನುಕೂಲ ಎಲ್ಲರಿಗೂ ಮೊದಲಿನಿಂದ ಇರಲಿಲ್ಲ. ಕ್ಯಾನನ್ 5ಡಿ ಮಾರ್ಕ್ 3ರಲ್ಲಿ ಮ್ಯಾನ್ಯುಯಲ್ ಮೋಡಿನ ಆಟೊ ಐಎಸ್‌ಒಗೆ ಕಾಂಪನ್ಸೇಶನ್ ಕೊಡುವ ದಾರಿಯೇ ಇರಲಿಲ್ಲ. 2014ರ 7ಡಿ ಮಾರ್ಕ್ 2ರಲ್ಲಿ ಬಂತು. ಅದಕ್ಕೂ ಹಿಂದೆ, ಫಿಲ್ಮ್ ಕಾಲದಲ್ಲಿ, ಒಂದು ರೋಲಿಗೆ ಒಂದೇ ಐಎಸ್‌ಒ, 36 ಫ್ರೇಮು. ಕಪ್ಪು-ಬಿಳುಪಿನಲ್ಲಿ ವನ್ಯಜೀವಿಗಳನ್ನು ಸೆರೆಹಿಡಿದ ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರೂ ಆಗಿದ್ದವರು. ಅಷ್ಟು ಬಿಗಿಯಾದ ಬಜೆಟ್ ಅವರಿಗೆ ವಿಧಾನಸೌಧದಲ್ಲೂ ಸಿಕ್ಕಿರಲಾರದು!

ಈ ಬಟನ್ನಿಗೂ ಮಿತಿಯಿದೆ. ಸಂಜೆಗತ್ತಲಲ್ಲಿ ಐಎಸ್‌ಒ ಆಗಲೇ ನೀವು ಹಾಕಿಟ್ಟ ಗರಿಷ್ಠ ಮಿತಿ ಮುಟ್ಟಿದ್ದರೆ, ಪ್ಲಸ್ ಎಷ್ಟು ತಿರುಗಿಸಿದರೂ ಫೋಟೊ ಬೆಳಗುವುದಿಲ್ಲ. ಶಟರ್ ವೇಗವನ್ನೇ ಇಳಿಸಬೇಕು. ಇನ್ನು, ಕ್ಯಾಮೆರಾ ಆಫ್ ಮಾಡಿದ ಮಾತ್ರಕ್ಕೆ ಹಾಕಿದ ಮೈನಸ್ ಸಾಮಾನ್ಯವಾಗಿ ಅಳಿಯುವುದಿಲ್ಲ. ಕಾಟಿ ಪೊದೆಗೆ ಮರಳಿದ ಕೂಡಲೇ ಅದನ್ನು ಸೊನ್ನೆಗೆ ತಂದುಬಿಡಿ; ಮುಂದಿನ ತಿರುವಿನಲ್ಲಿ ಏನಿದೆಯೋ ಡ್ರೈವರಿಗೂ ಗೊತ್ತಿರುವುದಿಲ್ಲ.